ಬೆಂದ್ರ್‌ತೀರ್ಥಕ್ಕೆ ಹೊರಟ ಮಕ್ಕಳಿಗೆ

ಮಗಳೇ,

ನೀನೂ ನಿನ್ನ ಇಂದಿರಾನಗರದ ಆಫೀಸಿನ ಗೆಳೆಯ-ಗೆಳತಿಯರೂ ಸೇರಿ ಬರುವ ಶನಿವಾರ ಪುತ್ತೂರು ಕಡೆಯ ಬಿಸಿನೀರಿನ ಬುಗ್ಗೆ ಬೆಂದ್ರ್‌ತೀರ್ಥಕ್ಕೆ ಹೊರಟಿದ್ದೀರಂತೆ. ನಿನ್ನ ಅಮ್ಮ ಹೇಳಿದಳು. ಕೇಳಿ ಬಹಳ ಸಂತೋಷವಾಯಿತು. ಅದು ನಮ್ಮ ಸೀಮೆಯ ನೀರು. ದೂರವಾಣಿನಗರದ ಐಟಿಐ ಕಾರ್ಖಾನೆ ಸೇರಿ ಕೆ.ಆರ್. ಪುರದಲ್ಲಿ ಮನೆ ಮಾಡಿದ ಮೇಲೂ ಊರಿಗೆ ಹೋದಾಗಲೆಲ್ಲ ಅಲ್ಲಿಗೆ ಹೋಗಿ ಕಾಲು ಇಳಿಬಿಟ್ಟು ಕೂತು ಬಂದವನು ನಾನು. ಅದಕ್ಕೇ ನೀವು ಹೊರಡುವ ಮೊದಲು ನಾಲ್ಕು ಮಾತು ಹೇಳಬೇಕು ಅನ್ನಿಸಿತು. ಫೋನಿನಲ್ಲಿ ಹೇಳಿ ಮುಗಿಯುವಂಥದಲ್ಲ, ಬರೆದಿದ್ದೇನೆ. ನಿನ್ನ ಜೊತೆಯವರಿಗೂ ಓದಿ ಹೇಳು.

ಮೊದಲನೆಯದು: ಬೆಂದ್ರ್‌ತೀರ್ಥ ಚಿಕ್ಕದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಗಾಡಿ ಹತ್ತಿ. ಪುತ್ತೂರು ಪೇಟೆಯಿಂದ ಸಂಟ್ಯಾರು ದಾಟಿ ಪಾಣಾಜೆ ಕಡೆಗೆ ಹೋಗುವ ದಾರಿಯಲ್ಲಿ, ಸುಮಾರು 15 ಕಿ.ಮೀ. ದೂರದಲ್ಲಿ ಇರ್ದೆ ಎಂಬ ಊರಿದೆ. ಅಲ್ಲಿ ಸೀರೆ ಹೊಳೆಯ ದಡದಲ್ಲಿ, ಅಡಿಕೆ ತೋಟ, ಗುಡ್ಡ, ಕಾಡುಗಳ ನಡುವೆ ಕಲ್ಲು ಕಟ್ಟಿದ ಒಂದು ಕೊಳ, ಇಳಿಯಲು ಮೆಟ್ಟಿಲು. ಅಷ್ಟೇ. ಹಿಮಾಲಯದ ವಿಡಿಯೋಗಳಲ್ಲಿ ನೀವು ನೋಡುವ ಹಾಗೆ ಹೊಗೆಯಾಡುವ ಬಂಡೆ, ಕುದಿಯುವ ನೀರು, ಹಿಂದೆ ಹಿಮದ ಬೆಟ್ಟ ಏನೂ ಇಲ್ಲಿಲ್ಲ. ನೀರಿನ ಬಿಸಿ 99ರಿಂದ 106 ಡಿಗ್ರಿ ಫ್ಯಾರನ್‌ಹೀಟ್ ಎಂದು ದಾಖಲಾಗಿದೆ, ಅಂದರೆ 37ರಿಂದ 41 ಡಿಗ್ರಿ ಸೆಲ್ಸಿಯಸ್. ಜ್ವರ ಬಂದ ಮೈಯಷ್ಟು ಬಿಸಿ. ಗಂಧಕದ ಸಣ್ಣ ವಾಸನೆ. "ಇಷ್ಟೇನಾ?" ಎಂದು ಕೊಳದ ಕಟ್ಟೆಯ ಮೇಲೆ ನಿಂತು ಮುಖ ಸಿಂಡರಿಸಿದವರನ್ನು ನಾನು ಕಂಡಿದ್ದೇನೆ. ಹಾಗೆ ನಿರಾಸೆಯಾದವರೇ ಚಿಪ್ಸ್ ಪೊಟ್ಟಣ ಅಲ್ಲೇ ಎಸೆದು, ಹತ್ತು ನಿಮಿಷದಲ್ಲಿ ಗಾಡಿ ತಿರುಗಿಸುವುದು. ಚಿಕ್ಕದೆಂದು ತಿಳಿದು ಹೋದವನಿಗೆ ಮಾತ್ರ ಅಲ್ಲಿ ಕಾಣುವುದು ಬಹಳವಿದೆ.

ಅದು ಯಾಕೆ ಚಿಕ್ಕದು ಎಂಬುದೇ ದೊಡ್ಡ ಕಥೆ. ನೀನು ಕೆ.ಆರ್. ಪುರದ ಪ್ಲಾಟ್‌ಫಾರ್ಮಿನಲ್ಲಿ ದಿನಾ ನೋಡುವ ಮಾರಿಕುಪ್ಪಂ ರೈಲಿನಿಂದಲೇ ಅದನ್ನು ಹೇಳಬಹುದು. ಆ ರೈಲಿನಲ್ಲಿ ಕೆಜಿಎಫ್ ಕಡೆಯ ಜನ ಬೆಳಗಾಗುವ ಮೊದಲೇ ಹತ್ತಿ ದಂಡಿನ ಸ್ಟೇಷನ್ನಿನ ಸುತ್ತಮುತ್ತ ಕೆಲಸಕ್ಕೆ ಬರುತ್ತಾರೆ. ಅವರ ತಂದೆ, ತಾತಂದಿರು ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಮುಚ್ಚಿದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್ ಭೂಮಿಯ ಒಳಕ್ಕೆ ಸುಮಾರು 3,200 ಮೀಟರ್ ಇಳಿದಿತ್ತು. ಲೋಕದ ಅತಿ ಆಳದ ಗಣಿಗಳಲ್ಲಿ ಅದೂ ಒಂದು. ಆ ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಣ್ಣನೆಯ ಗಾಳಿಯನ್ನು ಯಂತ್ರದಿಂದ ಒಳಕ್ಕೆ ಊದದೆ ಅಲ್ಲಿ ಮನುಷ್ಯ ನಿಲ್ಲುವಂತಿರಲಿಲ್ಲ. ಕಾಲ ಕೆಳಗಿನ ನೆಲ ಒಳಗೆ ಬಿಸಿಯಾಗಿದೆ ಎಂಬುದನ್ನು ನಮ್ಮ ನೆರೆಹೊರೆಯವರು ಪುಸ್ತಕ ಓದಿ ತಿಳಿದದ್ದಲ್ಲ, ಮೈಯಲ್ಲಿ ಬೆವರಿ ತಿಳಿದದ್ದು.

ಈಗ ಲೆಕ್ಕ ಹಾಕು. ಮೂರು ಕಿಲೋಮೀಟರಿಗೂ ಹೆಚ್ಚು ಇಳಿದರೆ ಅಷ್ಟು ಬಿಸಿ. ಅಂದರೆ ಕಿಲೋಮೀಟರಿಗೆ ಹನ್ನೆರಡು ಹದಿಮೂರು ಡಿಗ್ರಿ ಏರಿದ ಹಾಗೆ. ಲೋಕದ ಬೇರೆ ಕಡೆ ಸಾಮಾನ್ಯವಾಗಿ ಇದು 25ರಿಂದ 30 ಡಿಗ್ರಿ. ನಮ್ಮ ಕರ್ನಾಟಕದ ನೆಲ ಬಹಳ ಹಳೆಯದು. ಇಲ್ಲಿನ ಕಲ್ಲುಗಳಿಗೆ ಇನ್ನೂರೈವತ್ತು ಮುನ್ನೂರು ಕೋಟಿ ವರ್ಷ ವಯಸ್ಸು. ಬೇಯುವುದೆಲ್ಲ ಬೆಂದು, ಆರುವುದೆಲ್ಲ ಆರಿ, ಗಟ್ಟಿಯಾಗಿ ಕೂತ ನೆಲ. ಹಿಮಾಲಯದಲ್ಲಾದರೆ ಭೂಮಿಯ ಹಾಸುಗಳು ಇನ್ನೂ ಒಂದಕ್ಕೊಂದು ಒತ್ತುತ್ತಿವೆ, ನೆಲ ಸೀಳಿದೆ, ಬಿಸಿ ಮೇಲೇರಲು ದಾರಿಯಿದೆ. ಅದಕ್ಕೇ ಮಣಿಕರಣ್‌ನಲ್ಲಿ, ಬದರಿನಾಥದ ತಪ್ತಕುಂಡದಲ್ಲಿ, ಲಡಾಖಿನ ಪೂಗಾ ಕಣಿವೆಯಲ್ಲಿ ಅಷ್ಟೊಂದು ಬಿಸಿನೀರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ದೇಶದಲ್ಲಿ ಪಟ್ಟಿ ಮಾಡಿರುವ ಬಿಸಿನೀರಿನ ತಾಣಗಳು 300ಕ್ಕೂ ಹೆಚ್ಚು. ಕೊಂಕಣದಲ್ಲಿ ಸಹ್ಯಾದ್ರಿಯ ಬುಡದುದ್ದಕ್ಕೂ ವಜ್ರೇಶ್ವರಿ, ಗಣೇಶಪುರಿಯಿಂದ ಹಿಡಿದು ರತ್ನಾಗಿರಿಯ ಉನ್ಹವರೆ, ತುರಳ್, ರಾಜವಾಡಿವರೆಗೆ ಸಾಲಾಗಿ ಬುಗ್ಗೆಗಳಿವೆ. ಗೋವಾ ದಾಟಿ ನಮ್ಮ ಕರಾವಳಿಗೆ ಬರುವಷ್ಟರಲ್ಲಿ ಆ ಸಾಲು ಕಡಿದುಹೋಗುತ್ತದೆ. ಆಮೇಲೆ ಎಷ್ಟೋ ದೂರಕ್ಕೆ, ಕೇರಳದ ಗಡಿಯ ಹತ್ತಿರ, ಇರ್ದೆಯ ಈ ಒಂದು ಕೊಳ.

ದಕ್ಷಿಣ ಭಾರತಕ್ಕೆಲ್ಲ ಇದೊಂದೇ ಬಿಸಿನೀರಿನ ಬುಗ್ಗೆ ಎಂದು ಅಲ್ಲಿ ನಿಮಗೆ ಯಾರಾದರೂ ಹೇಳಬಹುದು. ವಾದಕ್ಕೆ ಇಳಿಯಬೇಡಿ. ತೆಲಂಗಾಣದ ಗೋದಾವರಿ ಕಣಿವೆಯಲ್ಲಿ, ಮಣುಗೂರು ಸುತ್ತಮುತ್ತ ಬಿಸಿನೀರು ಸಿಗುತ್ತದೆ ಎಂಬುದು ನಿಮಗೆ ಗೊತ್ತಿದ್ದರೆ ಸಾಕು. ಒಂದೇ ಆಗಿರಲಿ, ನಾಲ್ಕರಲ್ಲಿ ಒಂದಾಗಿರಲಿ, ನಮ್ಮ ರಾಜ್ಯಕ್ಕೆ ಅದು ಅಪರೂಪದ್ದೇ. ಬೆಟ್ಟದ ಮೇಲೆ ಬಿದ್ದ ಮಳೆ ಕಲ್ಲಿನ ಸೀಳಿನಲ್ಲಿ ಇಳಿದಿಳಿದು, ಕಡಿಮೆಯೆಂದರೂ ಅರ್ಧ-ಒಂದು ಕಿಲೋಮೀಟರ್ ಆಳ ಮುಟ್ಟಿ, ಅಲ್ಲಿ ಕಾದು, ಇನ್ನೊಂದು ಸೀಳಿನಲ್ಲಿ ಮೇಲೆ ಬಂದರೆ ಮಾತ್ರ ಇಂಥ ಬೆಚ್ಚನೆ ನೀರು ಸಿಗುವುದು. ಕಣ್ಣಿಗೆ ಕಾಣದ ಅಷ್ಟು ಉದ್ದದ ದಾರಿ, ಎಷ್ಟೋ ವರ್ಷಗಳ ಪಯಣ. ಮೇಲೆ ಬರುವುದು ಮಾತ್ರ ಒಂದು ಕೊಳ ತುಂಬುವಷ್ಟು. ಹಾಗಾಗಿ ಅದರೊಡನೆ ನಮ್ಮ ನಡತೆಯೂ ಅಳತೆಯಲ್ಲಿರಬೇಕು. ಇನ್ನು ಮುಂದೆ ಹೇಳುವುದೆಲ್ಲ ಈ ಒಂದೇ ಮಾತಿನ ವಿವರ.

ಹೋಗುವ ಕಾಲ. ನೀವು ಡಿಸೆಂಬರಿನಲ್ಲಿ ಹೊರಟದ್ದು ಒಳ್ಳೆಯದಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತ್ತ ಹೋಗಲೇಬಾರದು. ಸೀರೆ ಹೊಳೆ ಕೆಂಪಾಗಿ ಉಕ್ಕುತ್ತದೆ, ದಡ ಜಾರುತ್ತದೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದೂ ಉಂಟು. 2024ರ ಮಳೆಗಾಲದಲ್ಲಿ ಎಷ್ಟು ಸಲ ಹಾಗಾಯಿತು ಎಂಬುದು ಪೇಪರಿನಲ್ಲಿ ನೀವೂ ಓದಿದ್ದೀರಿ. ಬಿರುಬೇಸಿಗೆಯೂ ಬೇಡ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ ಸೆಕೆ, ನೀರು ಬೆಚ್ಚಗಿದೆ ಎಂಬುದೇ ಗೊತ್ತಾಗುವುದಿಲ್ಲ. ಚಳಿಗಾಲದ ಬೆಳಗ್ಗೆ ಸರಿಯಾದ ಹೊತ್ತು. ಹೊಳೆಯ ನೀರಿಗೆ ಒಂದು ಕೈ, ಕೊಳದ ನೀರಿಗೆ ಇನ್ನೊಂದು ಕೈ ಅದ್ದಿದರೆ ವ್ಯತ್ಯಾಸ ಆಗ ತಿಳಿಯುತ್ತದೆ.

ಹೋಗುವ ದಾರಿ. ರಾತ್ರಿ ಹನ್ನೆರಡಕ್ಕೆ ಆಫೀಸು ಮುಗಿಸಿ, ನಿದ್ದೆಗೆಟ್ಟು, ಒಬ್ಬನೇ ಹುಡುಗ ಇಡೀ ರಾತ್ರಿ ಕಾರು ಓಡಿಸಿಕೊಂಡು ಘಾಟಿ ಇಳಿಯುವುದು ಬೇಡ. ಇದು ನನ್ನ ಕಟ್ಟುನಿಟ್ಟಿನ ಮಾತು. ಮಂಗಳೂರಿನ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಕಬಕ ಪುತ್ತೂರು ಸ್ಟೇಷನ್ನಿನಲ್ಲಿ ಇಳಿಯಬಹುದು. ಅಲ್ಲಿಂದ ಪೇಟೆಗೆ ಆಟೋ, ಪೇಟೆಯಿಂದ ಬಸ್ಸು ಅಥವಾ ಜೀಪು. ಕಾರೇ ಬೇಕೆಂದರೆ ಬೆಳಗ್ಗೆ ಐದಕ್ಕೆ ಹೊರಡಿ. ಕೆ.ಆರ್. ಪುರದ ತೂಗುಸೇತುವೆ ಬಳಿ ನೀವು ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುವ ಹೆದ್ದಾರಿಗೆ 75 ಎಂದು ನಂಬರು. ಅದೇ 75 ಊರಿನ ಆಚೆ ಬದಿ ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ ದಾಟಿ, ಶಿರಾಡಿ ಇಳಿದು, ಬಂಟ್ವಾಳದವರೆಗೂ ಹೋಗುತ್ತದೆ. ನೀವು ಉಪ್ಪಿನಂಗಡಿಯಲ್ಲಿ ಎಡಕ್ಕೆ ತಿರುಗಿದರೆ ಪುತ್ತೂರು. ಉಪ್ಪಿನಂಗಡಿಯಲ್ಲಿ ಐದು ನಿಮಿಷ ನಿಲ್ಲಿ. ನೇತ್ರಾವತಿ, ಕುಮಾರಧಾರಾ ಎರಡೂ ಅಲ್ಲಿ ಕೂಡುತ್ತವೆ.

ಬೆಂದ್ರ್‌ತೀರ್ಥ ನೋಡಲು ಒಂದು ಗಂಟೆ ಸಾಕು, ಅದಕ್ಕಾಗಿಯೇ ಅಷ್ಟು ದೂರ ಹೋಗಬೇಕಾ ಎಂದು ನಿನ್ನ ಗೆಳೆಯರು ಕೇಳಬಹುದು. ಹಾಗಾದರೆ ಪುತ್ತೂರಿಗೆ ಹೋಗಿ, ಅದರ ಜೊತೆಗೆ ಬೆಂದ್ರ್‌ತೀರ್ಥಕ್ಕೂ ಹೋಗಿ ಬನ್ನಿ. ಪೇಟೆಯಲ್ಲಿ ಮಹಾಲಿಂಗೇಶ್ವರ ದೇವಸ್ಥಾನವಿದೆ, ದೊಡ್ಡ ಕೆರೆಯಿದೆ. ಶಿವರಾಮ ಕಾರಂತರು ಬಾಳಿ ಬದುಕಿದ ಬಾಲವನ ಪರ್ಲಡ್ಕದಲ್ಲಿದೆ. ಮಕ್ಕಳಿಗಾಗಿ, ನಾಟಕಕ್ಕಾಗಿ, ಬರವಣಿಗೆಗಾಗಿ ಅವರು ಅಲ್ಲಿ ಮಾಡಿದ ಕೆಲಸವನ್ನು ನೆನೆದು ಒಂದು ಸುತ್ತು ಹಾಕಿ. ಬೆಳಗ್ಗಿನ ತಿಂಡಿಗೆ ಯಾವುದಾದರೂ ಸಣ್ಣ ಹೋಟೆಲಿನಲ್ಲಿ ನೀರುದೋಸೆ ತಿನ್ನಿ. ನೀವು ಖರ್ಚು ಮಾಡುವ ನಾಲ್ಕು ಕಾಸು ಆ ಊರಿನಲ್ಲೇ ಉಳಿಯಲಿ. ಬೆಂಗಳೂರಿನಿಂದಲೇ ಡಬ್ಬಿ, ಬಾಟಲಿ, ಪೊಟ್ಟಣ ಎಲ್ಲ ಹೇರಿಕೊಂಡು ಹೋಗಿ ಬರೀ ಕಸ ಬಿಟ್ಟು ಬರುವ ಪ್ರವಾಸದಿಂದ ಊರಿಗೆ ಏನು ಬಂತು?

ಇನ್ನು ಬಟ್ಟೆಯ ಮಾತು. ಬೆಂದ್ರ್‌ತೀರ್ಥ ಈಜುಕೊಳವಲ್ಲ, ಜನ ಭಕ್ತಿಯಿಂದ ತೀರ್ಥಸ್ನಾನ ಮಾಡುವ ಜಾಗ. ಚರ್ಮದ ಕಾಯಿಲೆ ವಾಸಿಯಾಗುತ್ತದೆಂದು ನಂಬಿ ಬರುವವರಿದ್ದಾರೆ. ಇಂದಿರಾನಗರದ ಜಿಮ್ಮಿನ ಉಡುಪು ಅಲ್ಲಿಗೆ ಹೊಂದುವುದಿಲ್ಲ. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಸುತ್ತ ಬೀದಿಬದಿಯಲ್ಲಿ ತೆಳ್ಳನೆಯ ಹತ್ತಿ ಟವೆಲ್ಲು, ಪಂಚೆ ಸಿಗುತ್ತವೆ, ಒಂದೊಂದು ತೆಗೆದುಕೊಳ್ಳಿ. ಆ ಟವೆಲ್ಲೇ ಊರಿನವರ ಬಾಯಲ್ಲಿ ಬೈರಾಸು. ಬೇಗ ಒಣಗುತ್ತದೆ, ಹೆಗಲಿಗೂ ಆಯಿತು, ಸೊಂಟಕ್ಕೂ ಆಯಿತು. ನೀವು ಹುಡುಗಿಯರು ಹಳೆಯ ಚೂಡಿದಾರ ಹಾಕಿಕೊಂಡೇ ನೀರಿಗೆ ಇಳಿಯಿರಿ. ಬದಲಾಯಿಸಲು ಒಂದು ದಪ್ಪ ದುಪಟ್ಟಾ ಜೊತೆಯಲ್ಲಿರಲಿ, ಅಲ್ಲಿ ಅಚ್ಚುಕಟ್ಟಾದ ಕೋಣೆ ಸಿಗುತ್ತದೆಂದು ನಂಬಿ ಹೋಗಬೇಡಿ. ಬೇರೆಯವರು ಸ್ನಾನ ಮಾಡುತ್ತಿದ್ದರೆ ಫೋನು ಚೀಲದೊಳಗೆ ಇರಬೇಕು. ನಿಮ್ಮ ಫೋಟೋದ ಮೂಲೆಯಲ್ಲೂ ಅವರು ಬರಕೂಡದು. ಯಾವುದೋ ಮನೆಯ ಹೆಂಗಸು ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದರೆ ನೀವು ಮೇಲೆ ಬಂದು ಜಾಗ ಬಿಡಿ. ಕೊಳ ಚಿಕ್ಕದು, ಸರದಿ ಇರಬೇಕು.

ನೀರಿಗೆ ಇಳಿಯುವ ಮೊದಲು ಕಾಲುಗೆಜ್ಜೆ, ಬೆಳ್ಳಿ ಉಂಗುರ, ಬೆಳ್ಳಿ ಸರ ಏನಿದ್ದರೂ ಬಿಚ್ಚಿ ಚೀಲಕ್ಕೆ ಹಾಕು. ಕೊಳದ ವಾಸನೆಗೆ ಕಾರಣವಾದ ಗಂಧಕದ ಅನಿಲ ಬೆಳ್ಳಿಗೆ ತಗುಲಿದರೆ ಅದು ಕಪ್ಪಾಗುತ್ತದೆ. ಆಮೇಲೆ ಹಲಸೂರಿನ ಬೆಳ್ಳಿಯಂಗಡಿಗೆ ಹೋಗಿ ಉಜ್ಜಿಸಬೇಕು. ಬೇಕಾದರೆ ಹಳೆಯ ಬೆಳ್ಳಿ ಉಂಗುರವೊಂದನ್ನು ಬೇಕೆಂದೇ ನೀರಿನಲ್ಲಿ ಹಿಡಿದು ನೋಡು. ಹೊಳಪು ಮೆಲ್ಲಗೆ ಹಳದಿಗೆ ತಿರುಗಿ, ಕಂದಾಗಿ, ಕೊನೆಗೆ ಕಪ್ಪಿಗೆ ಬರುವ ಬಗೆ ಯಾವ ಪ್ರಯೋಗಶಾಲೆಯಲ್ಲಿ ನೋಡುವುದಕ್ಕಿಂತ ಚೆನ್ನ. ನೆಲದೊಳಗಿನ ಕಲ್ಲಿನ ಜೊತೆ ಆ ನೀರು ಕಾಲ ಕಳೆದು ಬಂದಿದೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಸೋಪು ಬೇಡ, ಶಾಂಪೂ ಬೇಡ. ಸೀಗೆಪುಡಿ, ಕಡಲೆಹಿಟ್ಟು, ಅರಿಸಿನ, ಎಣ್ಣೆ ಯಾವುದೂ ಬೇಡ. ಅವೆಲ್ಲ ನಿಸರ್ಗದ್ದೇ ಅಲ್ಲವೇ ಎಂದು ವಾದಿಸುವವರು ನಿಮ್ಮಲ್ಲೂ ಇರುತ್ತಾರೆ. ಹರಿಯುವ ಹೊಳೆಗೆ ಬಿದ್ದದ್ದು ಕೊಚ್ಚಿಹೋಗುತ್ತದೆ. ಸಣ್ಣ ಬುಗ್ಗೆಯ ಕೊಳದಲ್ಲಿ ನೀರು ಬದಲಾಗುವುದು ನಿಧಾನ, ನೀವು ಬಿಟ್ಟದ್ದು ಮುಂದೆ ಬರುವವರ ಮೈಗೆ ತಗುಲುತ್ತದೆ. ಮೊದಲು ಹೊರಗೆ ಮೈ ಕೈ ತೊಳೆದು ಆಮೇಲೆ ಕೊಳಕ್ಕೆ ಇಳಿಯುವುದೇ ಸರಿಯಾದ ಕ್ರಮ. ಬಟ್ಟೆ ಒಗೆಯುವುದಂತೂ ದೂರದ ಮಾತು.

ಈಗ ನಿಮ್ಮ ಮೈಯ ವಿಚಾರ. ಇದನ್ನು ಗಮನವಿಟ್ಟು ಕೇಳಿ. ಮೊದಲು ಕೈ, ಆಮೇಲೆ ಪಾದ, ಆಮೇಲೆ ಮೊಣಕಾಲು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಮೆಟ್ಟಿಲು ಪಾಚಿಗಟ್ಟಿರುತ್ತದೆ, ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳಿ. ಹಾರುವುದು, ಧುಮುಕುವುದು ಬೇಡವೇ ಬೇಡ. 40 ಡಿಗ್ರಿಯ ನೀರಿನಲ್ಲಿ ಹತ್ತು-ಹದಿನೈದು ನಿಮಿಷ ಕೂತರೆ ಸಾಕು. ಬೆಚ್ಚನೆ ನೀರಿನಲ್ಲಿ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ, ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಎದ್ದು ಮೆಟ್ಟಿಲ ಮೇಲೆ ಎರಡು ನಿಮಿಷ ಕೂತು ಆಮೇಲೆ ನಿಲ್ಲಿ. ನಿಮ್ಮ ಜೊತೆ ಯಾರಾದರೂ ಬಸುರಿ ಇದ್ದರೆ, ಹೃದಯದ ತೊಂದರೆ ಇದ್ದವರಿದ್ದರೆ, ಬಿ.ಪಿ. ಮಾತ್ರೆ ತಿನ್ನುವವರಿದ್ದರೆ ಮೊದಲೇ ಡಾಕ್ಟರನ್ನು ಕೇಳಿ ಬರಲಿ. ಸಕ್ಕರೆ ಕಾಯಿಲೆಯಿದ್ದವರಿಗೆ ಪಾದದಲ್ಲಿ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ. ಗಾಯವಿದ್ದವರು ಇಳಿಯುವುದು ಬೇಡ. ಕುಡಿದು ನೀರಿಗೆ ಇಳಿಯುವವರ ಜೊತೆ ನೀನು ಹೋಗುವುದೇ ಬೇಡ, ಗಾಡಿಯಲ್ಲಿ ಬಾಟಲಿ ಕಂಡರೆ ಮನೆಯಲ್ಲೇ ಇರು. ಇದನ್ನು ಯಾರೇ ಹಳೇಕಾಲದ ಮಾತು ಎಂದರೂ ಪರವಾಗಿಲ್ಲ.

ಇನ್ನೊಂದು ಸಂಗತಿ ನಿಮ್ಮ ತಲೆಮಾರಿಗೆ ಗೊತ್ತಿರಲೇಬೇಕು. ಬೆಚ್ಚಗಿನ ಸಿಹಿನೀರಿನಲ್ಲಿ ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಬದುಕಬಲ್ಲದು, 46 ಡಿಗ್ರಿವರೆಗಿನ ಬಿಸಿಯನ್ನೂ ತಡೆದುಕೊಳ್ಳಬಲ್ಲದು. ಕುಡಿದರೆ ಅದರಿಂದ ಕಾಯಿಲೆ ಬರುವುದಿಲ್ಲ. ಮೂಗಿನೊಳಗೆ ನೀರು ನುಗ್ಗಿದರೆ ಅಲ್ಲಿಂದ ಮಿದುಳಿಗೆ ಏರುತ್ತದೆ. ಕಾಯಿಲೆ ಬಲು ಅಪರೂಪ, ಆದರೆ ಬಂದರೆ ಬದುಕುಳಿಯುವವರು ಕಡಿಮೆ. 2024ರಲ್ಲಿ, 2025ರಲ್ಲಿ ಕೇರಳದಲ್ಲಿ ಅಮೀಬಾದ ಮಿದುಳುಜ್ವರದಿಂದ ಸಾವುಗಳಾದದ್ದು ನಿಮಗೆ ನೆನಪಿರಬಹುದು. ಬೆಂದ್ರ್‌ತೀರ್ಥದಲ್ಲಿ ಅದು ಇದೆ ಎಂದು ನಾನು ಹೇಳುತ್ತಿಲ್ಲ. ಯಾವ ಬೆಚ್ಚಗಿನ ಕೊಳದಲ್ಲಾದರೂ ತಲೆ ಮುಳುಗಿಸಬಾರದು, ಮೂಗಿಗೆ ನೀರೆರಚಿ ಆಟವಾಡಬಾರದು ಎನ್ನುತ್ತಿದ್ದೇನೆ. ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳಬೇಕೆಂದರೆ ಕೈಯಲ್ಲಿ ನಾಲ್ಕು ಹನಿ ತೆಗೆದು ಮಾಡಿಕೊಳ್ಳಿ, ಸಾಕು. ಹೋಗಿಬಂದ ಒಂದೆರಡು ವಾರದೊಳಗೆ ಯಾರಿಗಾದರೂ ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಇಂಥ ಕೊಳಕ್ಕೆ ಇಳಿದಿದ್ದೆವು ಎಂದು ಮೊದಲೇ ಹೇಳಿ. ನೀವು ಹೇಳದಿದ್ದರೆ ಡಾಕ್ಟರಿಗೆ ಅದು ಹೊಳೆಯದೇ ಹೋಗಬಹುದು.

ಊರವರ ವಿಷಯ. ದಾರಿ ಗೊತ್ತಾಗದಿದ್ದರೆ ಮ್ಯಾಪು ನೋಡುತ್ತ ಯಾರದೋ ತೋಟದೊಳಗೆ ಗಾಡಿ ನುಗ್ಗಿಸಬೇಡಿ. ಅಂಗಳದಲ್ಲಿ ಅಡಿಕೆ ಒಣಗಲು ಹರಡಿರುತ್ತಾರೆ. ಮನೆಯ ಹೊರಗೆ ನಿಂತು ಕೇಳಿ. ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಕೊಟ್ಟರೆ ಬೇಡವೆನ್ನದೆ ಕೂತು ಕುಡಿಯಿರಿ. ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು ಮೇಲಿಂದ ತಣ್ಣೀರು ಕುಡಿದರೆ ಘಾಟಿ ಇಳಿದ ಆಯಾಸವೆಲ್ಲ ಇಳಿಯುತ್ತದೆ. ಹೋಗುವಾಗ ಆ ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ: ಕೊಳದಲ್ಲಿ ಮೊದಲು ಎಷ್ಟು ನೀರಿತ್ತು, ಎಷ್ಟು ಬಿಸಿಯಿತ್ತು, ಈಗ ಹೇಗಿದೆ? ಅವರು ಹೇಳುವುದನ್ನು ಬರೆದುಕೊಳ್ಳಿ. ಒಂದು ಸಣ್ಣ ಥರ್ಮಾಮೀಟರು ಒಯ್ದು ದಿನಾಂಕ ಹಾಕಿ ಬಿಸಿಯನ್ನೂ ಗುರುತು ಮಾಡಿಕೊಳ್ಳಿ. ನಾಲ್ಕು ಜನ ನಾಲ್ಕು ವರ್ಷ ಹೀಗೆ ಮಾಡಿದರೂ ಆ ಬುಗ್ಗೆಗೆ ಒಂದು ದಾಖಲೆಯಾಗುತ್ತದೆ. ನೀವು ಕಂಪ್ಯೂಟರಿನ ಜನ, ಲೆಕ್ಕ ಇಡುವುದು ನಿಮಗೆ ಕಷ್ಟವೇನಲ್ಲ. ಬರೀ ಸೆಲ್ಫಿ ಹಾಕುವುದಕ್ಕಿಂತ ಅದು ಸಾವಿರ ಪಾಲು ಒಳ್ಳೆಯದು.

ದಾಖಲೆ ಯಾಕೆ ಬೇಕು ಎನ್ನುತ್ತೀಯಾ? ಬುಗ್ಗೆಗಳು ಶಾಶ್ವತವಲ್ಲ, ಅದಕ್ಕೆ. ಕೇದಾರನಾಥದ ದಾರಿಯ ಗೌರಿಕುಂಡದ ಬಿಸಿನೀರಿನ ಕುಂಡ 2013ರ ಜೂನ್ ಪ್ರವಾಹದಲ್ಲಿ ಕೊಚ್ಚಿಹೋಯಿತು. ಸತ್ಲಜ್ ದಡದ ತತ್ತಾಪಾನಿಯ ಹಳೆಯ ಬುಗ್ಗೆಗಳು ಕೋಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದವು. ನಿಮ್ಮ ಆಫೀಸಿನವರು ಆಸೆಪಡುವ ಖೀರ್‌ಗಂಗಾವನ್ನೇ ತೆಗೆದುಕೋ. ಪಾರ್ವತಿ ಕಣಿವೆಯಲ್ಲಿ, ಸಮುದ್ರಮಟ್ಟದಿಂದ 2,900 ಮೀಟರ್ ದಾಟಿದ ಎತ್ತರದಲ್ಲಿ, ದೇವದಾರು ಕಾಡಿನ ಮೇಲಿರುವ ಬಿಸಿನೀರಿನ ತೊಟ್ಟಿ. ಶಿವನ ಹೆಸರಿನ ಪವಿತ್ರ ಜಾಗ. ವಿಡಿಯೋ ನೋಡಿದ ಜನ ಸಾಲುಗಟ್ಟಿ ಹೋದರು, ಅವರ ಹಿಂದೆ ಟೆಂಟು, ಹೋಟೆಲು, ಕಸದ ರಾಶಿ. ಕೊನೆಗೆ 2018ರಲ್ಲಿ ಹೈಕೋರ್ಟಿನ ಆದೇಶದ ಮೇಲೆ ಅರಣ್ಯ ಇಲಾಖೆ ಅವುಗಳನ್ನು ತೆಗೆಸಬೇಕಾಯಿತು. ಅದೇ ಕಣಿವೆಯ ಮಣಿಕರಣ್ ಗುರುದ್ವಾರದಲ್ಲಿ ಬುಗ್ಗೆಯ ನೀರಿನಲ್ಲೇ ಅನ್ನ ಬೇಯಿಸಿ ಬಂದವರಿಗೆಲ್ಲ ಬಡಿಸುತ್ತಾರೆ. ಅಲ್ಲಿನ ನೀರು ಅಷ್ಟು ಬಿಸಿ, ಸ್ನಾನಕ್ಕೆ ತಣ್ಣೀರು ಬೆರೆಸಲೇಬೇಕು. ಒಂದೇ ಕಣಿವೆಯ ಎರಡು ಬುಗ್ಗೆಗಳು, ಒಂದರಲ್ಲಿ ನೀರಿನಿಂದ ಊರಿಗೆ ಅನ್ನ, ಇನ್ನೊಂದರಲ್ಲಿ ನೀರಿನ ಸುತ್ತ ಕಸ. ನೀರು ಹಾಗೆ ಮಾಡಿದ್ದಲ್ಲ, ಜನ ನಡೆದುಕೊಂಡ ರೀತಿ ಹಾಗೆ ಮಾಡಿತು.

ಇರ್ದೆಯ ಕೊಳಕ್ಕೆ ಪ್ರವಾಹ, ಅಣೆಕಟ್ಟುಗಳಿಗಿಂತ ಹತ್ತಿರದ ಅಪಾಯ ಕೊಳವೆಬಾವಿ. ಕರಾವಳಿಯಲ್ಲಿ ಹಿಂದೆ ತೋಟಕ್ಕೆ ಕೆರೆ, ಮದಕ, ಗುಡ್ಡ ಕೊರೆದ ಸುರಂಗದ ನೀರು ಸಾಕಾಗುತ್ತಿತ್ತು. ಈಗ ಅಲ್ಲೂ ನೂರಾರು ಅಡಿ ಕೊರೆಸುತ್ತಾರೆ. ಬುಗ್ಗೆಯ ನೀರು ಮೇಲೇರಿ ಬರುವುದು ನೆಲದೊಳಗಿನ ಒತ್ತಡದಿಂದ. ಸುತ್ತ ನಾಲ್ಕು ಕಡೆ ಪಂಪು ಹಾಕಿ ಎಳೆದರೆ ಒತ್ತಡ ಇಳಿಯುತ್ತದೆ, ಬುಗ್ಗೆ ಸೊರಗುತ್ತದೆ, ಮೇಲಿನ ತಣ್ಣೀರು ಬೆರೆತು ಬಿಸಿಯೂ ಇಳಿಯುತ್ತದೆ. ತೋಟದವರನ್ನು ದೂರಲು ಹೇಳುತ್ತಿಲ್ಲ. ಅವರೂ ಬದುಕಬೇಕು, ಅಡಿಕೆ ಮರ ಬೇಸಿಗೆಯಲ್ಲಿ ನೀರು ಕೇಳುತ್ತದೆ. ಆ ಊರಿಗೆ ಹೋಗಿ ಬುದ್ಧಿ ಹೇಳುವ ಹಕ್ಕು ನಮಗೆ ಬೆಂಗಳೂರಿನವರಿಗಂತೂ ಇಲ್ಲ.

ಯಾಕೆ ಇಲ್ಲವೆಂದರೆ, ನಮ್ಮ ಬೆಂಗಳೂರನ್ನೇ ನೋಡು. ಹಲಸೂರಿನ ಸೋಮೇಶ್ವರ ದೇವಸ್ಥಾನದ ಕಲ್ಯಾಣಿ ಮಣ್ಣಿನಡಿ ಹೂತುಹೋಗಿತ್ತು. ಅಗೆದು ತೆಗೆದ ಮೇಲೇ ಇಲ್ಲೊಂದು ಕಲ್ಯಾಣಿ ಇತ್ತು ಎಂದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಾದದ್ದು. ಬೆಳ್ಳಂದೂರು ಕೆರೆ ನೊರೆ ಉಕ್ಕಿ, ಬೆಂಕಿ ಹತ್ತಿ ಉರಿದದ್ದನ್ನು ಲೋಕವೇ ನೋಡಿತು. ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆ ಸಾವಿರ ಅಡಿ ದಾಟಿ ಕೊರೆದರೂ ಧೂಳು ಬರುವ ಜಾಗಗಳಿವೆ. 2024ರ ಬೇಸಿಗೆಯಲ್ಲಿ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರಿಗಾಗಿ ಕಾದದ್ದು, ಸ್ನಾನಕ್ಕೆ ಅರ್ಧ ಬಕೆಟ್ ಎಂದು ಗುಂಪಿನಲ್ಲಿ ಮೆಸೇಜು ಬಂದದ್ದು ನೆನಪಿದೆಯಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂತು, ಸ್ವಲ್ಪ ಉಸಿರು ಬಿಟ್ಟೆವು. ಆದರೆ ಅದು ನೂರು ಕಿಲೋಮೀಟರ್ ದೂರದಿಂದ ಎತ್ತಿ ತಂದ ನೀರು. ನಮ್ಮ ಕಾಲಡಿಯ ಕಲ್ಲಿನ ಸೀಳಿನಲ್ಲಿ ಇದ್ದದ್ದನ್ನು ನಾವೇ ಬರಿದು ಮಾಡಿದ್ದೇವೆ. ಇರ್ದೆಯಲ್ಲಿ ನೀರು ಇಳಿದು ಏರುವ ದಾರಿಯೂ ಇಂಥದೇ ಕಲ್ಲಿನ ಸೀಳು. ಮಳೆ ಇಳಿಯುವುದಕ್ಕಿಂತ ಬೇಗ ನಾವು ಎಳೆದರೆ ಅಲ್ಲೂ ಇಲ್ಲೂ ಆಗುವುದು ಒಂದೇ.

ಹಾಗಾಗಿ, ಮಗಳೇ, ಬೆಂದ್ರ್‌ತೀರ್ಥಕ್ಕೆ ಹೋಗುವ ನಿಮ್ಮೆಲ್ಲರಿಗೂ ನನ್ನದೊಂದು ಕೆಲಸ. ನಿಮ್ಮಲ್ಲಿ ಒಬ್ಬೊಬ್ಬರೂ ವಾಪಸ್ಸು ಬಂದ ವಾರದೊಳಗೆ ನೀವಿರುವ ಕಟ್ಟಡದ ಇಂಗುಗುಂಡಿ ಎಲ್ಲಿದೆ ಎಂದು ಸೆಕ್ಯೂರಿಟಿಯವರನ್ನು ಕೇಳಿ ಹೋಗಿ ನೋಡಿ. ಮಳೆನೀರು ಕೊಯ್ಲು 2009ರಿಂದ ಬೆಂಗಳೂರಿನಲ್ಲಿ ಕಡ್ಡಾಯ. ಹೊಸದಾಗಿ ಕಟ್ಟುವಾಗ 30-40ರ ಸೈಟಿಗೂ ಅದು ಅನ್ವಯ. ಪೈಪು ಇರುತ್ತದೆ, ಗುಂಡಿಯೂ ಇರುತ್ತದೆ, ಆದರೆ ಎಷ್ಟೋ ಕಡೆ ಅದರ ಮೇಲೆ ಹೂಕುಂಡ ಇಟ್ಟಿರುತ್ತಾರೆ, ಒಳಗೆ ಹೂಳು ತುಂಬಿರುತ್ತದೆ. ಮುಚ್ಚಳ ತೆಗೆಸಿ, ಹೂಳು ಎತ್ತಿಸಿ, ಜಲ್ಲಿ ತೊಳೆಸಿ ಮತ್ತೆ ತುಂಬಿಸಲು ಒಂದು ದಿನದ ಕೆಲಸ, ಎರಡು ಆಳಿನ ಕೂಲಿ. ಸಂಘದ ಮೀಟಿಂಗಿನಲ್ಲಿ ನೀನೇ ಎದ್ದು ಕೇಳು. ಇವಳು ಚಿಕ್ಕವಳು ಎಂದು ಯಾರಾದರೂ ಅಂದರೆ ನನ್ನನ್ನು ಕರೆ, ನಾನು ಬರುತ್ತೇನೆ. ಮುಂಗಾರು ಬರುವ ಮೊದಲು ಆ ಗುಂಡಿ ಬಾಯಿ ತೆರೆದಿರಬೇಕು.

ಬೆಚ್ಚನೆ ನೀರಿನಲ್ಲಿ ಹದಿನೈದು ನಿಮಿಷ ಸುಖವಾಗಿ ಕೂತು ಬನ್ನಿ. ಭೂಮಿ ಎಷ್ಟೋ ಕಾಲ ಕಾಸಿ ಕೊಟ್ಟ ನೀರು ಅದು, ಅದರ ಸುಖ ನಿಮ್ಮ ಪಾಲಿಗೂ ಇದೆ. ಬೆಟ್ಟದ ಮೇಲೆ ಎಂದೋ ಬಿದ್ದ ಮಳೆಯನ್ನು ಯಾರೂ ತಡೆಯದೆ ನೆಲಕ್ಕೆ ಇಳಿಯಗೊಟ್ಟದ್ದರಿಂದ ನಿಮಗೆ ಆ ಸುಖ ಸಿಕ್ಕಿತು. ನೀವೂ ನಿಮ್ಮ ಮಾಳಿಗೆಯ ಮೇಲೆ ಬೀಳುವ ಮಳೆಯನ್ನು ಮೋರಿಗೆ ಬಿಡದೆ ನೆಲಕ್ಕೆ ಇಳಿಸಿ.

ಶುಕ್ರವಾರ ರಾತ್ರಿ ರೈಲು ಹತ್ತಿದ ಕೂಡಲೇ ಅಮ್ಮನಿಗೆ ಫೋನು ಮಾಡು. ವಾಪಸ್ಸು ಬಂದ ಮೇಲೆ ಕೆ.ಆರ್. ಪುರಕ್ಕೆ ಬಾ, ನೀನು ಬರೆದುಕೊಂಡ ಬಿಸಿಯ ಲೆಕ್ಕವನ್ನು ನನಗೂ ತೋರಿಸು.

ನಿನ್ನ ಅಜ್ಜ